ನಾಲ್ವರು ಬರೆದ ಹೆಂಡತಿ

ಮರಾಠಿ ಸೀಮೆಯ ನಿಗಡಿಯ ನಮ್ಮ ಓಣಿಯಲ್ಲಿ ಇಂದೂನ ಬಾಯಿ ಭಾಳ ಜೋರು ಅನ್ನುತ್ತಾರೆ. ಅನ್ನಲಿ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ. ಗಂಡ ಸತ್ತ ಮೇಲೆ ಇಂಟರ್‌ನೆಟ್ ಕೆಫೆ ಇಟ್ಟವಳು ನಾನು; ಬಾಯಿ ಇಲ್ಲದಿದ್ದರೆ ಇಲ್ಲಿಯ ಪುಂಡರು ಅಂಗಡಿಯನ್ನೇ ಹೊತ್ತುಕೊಂಡು ಹೋಗುತ್ತಿದ್ದರು.

ಇದು 2008ರ ಮಾತು. ಯಾದಗಿರಿ ಕಡೆಯ ಅನುಸೂಯಾ ದಿನಾ ಮಧ್ಯಾಹ್ನ ಬಂದು ಮೂಲೆಯ ಕಂಪ್ಯೂಟರಿನಲ್ಲಿ ಆನ್‌ಲೈನ್ ಇಂಗ್ಲಿಷ್ ಕ್ಲಾಸಿಗೆ ಕೂಡುತ್ತಿದ್ದಳು. ಗಂಡ ಮಹೇಶಕುಮಾರ ಚಾಕಣದ ಕಾರ್ಖಾನೆಯಲ್ಲಿ ಮಷೀನ್ ನಡೆಸುತ್ತಿದ್ದ. ಅವಳ ಬೆನ್ನ ಮೇಲಿನ ಬಾಸುಂಡೆ ನೋಡಿ ಕೇಳಿದರೆ "ಬಿದ್ದಿದ್ದೆ ಅಕ್ಕಾ" ಅನ್ನುತ್ತಿದ್ದಳು. ದಿನಾ ಬೀಳುವುದಕ್ಕೆ ಮನೆಯೇನು ಬಾವಿಯೇ? ಒಂದು ದಿನ ನಾನು ಬಿಡಲಿಲ್ಲ. ಆಗ ಅತ್ತುಬಿಟ್ಟಳು. "ಹೊಡೀತಾನಂತ ಎಲ್ಲಿ ಹೋಗ್ಲಿ ಅಕ್ಕಾ? ಈ ಕ್ಲಾಸ್ ಪಾಸಾದ್ರ ಖರಾಡಿಯೊಳಗ ಆಫೀಸಿನ ಕೆಲಸ ಕೊಡ್ತೀವಿ ಅಂದಾರ. ಹಾಸ್ಟೆಲ್ಲೂ ಅದ."

ಕ್ಲಾಸಿನ ಕೊನೆಯ ಪರೀಕ್ಷೆ ವಿಚಿತ್ರವಾಗಿತ್ತು. ಬೇರೆ ಬೇರೆ ಊರಿನ ನಾಲ್ವರು ಹೆಂಗಸರು ಒಂದೇ ಪುಟದಲ್ಲಿ ಕೂಡಿ ಒಂದು ಕಥೆ ಬರೆಯಬೇಕು. ಒಬ್ಬಳು ಬರೆದದ್ದು ಉಳಿದವರಿಗೆ ಆಗಲೇ ಕಾಣುತ್ತದೆ. ಎಲ್ಲರೂ 'ನಾನು' ಎಂದೇ ಬರೆಯಬೇಕು, ಹೆಸರು ಹಾಕಬಾರದು. "ನಾಲ್ಕೂ ಮಂದಿ ಸೇರಿ ಒಬ್ಬಾಕಿ ಆಗ್ರಿ" ಎಂದಿದ್ದರು ಟೀಚರ್ ಮಾಧುರಿ. ಒಬ್ಬಳು ಬರೆಯದಿದ್ದರೂ ನಾಲ್ವರೂ ಫೇಲು. ನಡುವಿನ ಭಾಗ ಸೊಲ್ಲಾಪುರದ ನೀತಾಳ ಪಾಲಿಗೆ, ಮುಕ್ತಾಯ ತನ್ನ ಪಾಲಿಗೆ ಬಂದಿದೆ ಎಂದು ಅನುಸೂಯಾ ನನಗೆ ಹೇಳಿದ್ದಳು. ಪರೀಕ್ಷೆಯ ದಿನ ಸಂಜೆ ಐದಕ್ಕೆ ಪುಟ ಮುಚ್ಚಿಬಿಡುತ್ತಿತ್ತು.

ಅವಳು ಇನ್ನೂ ಒಂದಕ್ಷರ ಹಾಕಿರಲಿಲ್ಲ. ಯೋಚಿಸುತ್ತ ಕೂತಿದ್ದಾಗ ಮಹೇಶಕುಮಾರ ಬಂದು ಬೆನ್ನ ಹಿಂದೆ ನಿಂತ. ಐಟಿಐ ಓದಿದವನು, ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಪರದೆಯ ಮೇಲೆ ಬೆರಳಿಟ್ಟು ಓದಿದ: ನನ್ನ ಗಂಡ ಬೆಲ್ಟಿನಿಂದ ಹೊಡೆಯುತ್ತಾನೆ, ಮರುದಿನ ಜಿಲೇಬಿ ತರುತ್ತಾನೆ.

"ಮನೀ ಮಾತು ಊರಿಗೆಲ್ಲಾ ಹಂಚ್ತೀಯೇನಲೇ!"

ಜಡೆ ಹಿಡಿದು ಅವಳ ಮುಖವನ್ನು ಮೇಜಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಮೂಗಿನಿಂದ ರಕ್ತ ಸುರಿದು ಕೀಬೋರ್ಡಿನ ಸಂದಿಗಳಿಗೆ ಇಳಿಯಿತು. "ನಾ ಬರದಿಲ್ರೀ, ದೇವ್ರಾಣಿ ನಾ ಬರದಿಲ್ಲ" ಎಂದು ಅವಳು ಚೀರಿದಳು. "ಯಾವ ಕೈಲೆ ಬರದಿ? ಇದೇನ?" ಎನ್ನುತ್ತ ಬಲಗೈಯ ಬೆರಳುಗಳನ್ನು ಹಿಂದಕ್ಕೆ ಮುರಿದ. ಲಟಕ್ಕೆಂದದ್ದು ನನ್ನ ಗಲ್ಲಾದವರೆಗೂ ಕೇಳಿಸಿತು. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಸರಳು ಕೈಗೆ ಸಿಕ್ಕಿತು. ಅದನ್ನೇ ಹಿಡಿದು ಓಡಿದೆ.

"ವೈನಿ, ನೀವು ನಡುವ ಬರಬ್ಯಾಡ್ರಿ!" ಎಂದು ಗುಡುಗಿದವನು ಪರದೆಯ ಕಡೆ ಬಗ್ಗಿದ. ಅವಳ ಎರಡೂ ಕೈ ಅವನ ಹಿಡಿತದಲ್ಲಿದ್ದವು. ಪರದೆಯ ಮೇಲೆ ಮಾತ್ರ ಅಕ್ಷರಗಳು ಮೂಡುತ್ತಲೇ ಇದ್ದವು.

"ಇದನ್ನ ಯಾರ್ ಬರೀಲಿಕ್ಕತ್ತಾರ?"

"ಸೊಲ್ಲಾಪುರದ ನೀತಾ!" ಎಂದು ಕೂಗಿದೆ. "ಬೆಲ್ಟೂ ಆಕೀ ಗಂಡಂದು, ಜಿಲೇಬೀನೂ ಆಕೀ ಗಂಡಂದು!"

ಅಯ್ಯೋ, ಆ ಬಾಡಕೋ ನಕ್ಕ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು, ನಾಚಿಕೆಯಿಲ್ಲದೆ ನಕ್ಕ. "ಮೊದ್ಲ ಹೇಳಬಾರ್ದೇನ, ಹುಚ್ಚಿ? ಏಳು, ಮನಿಗೆ ಹೋಗೂಣು. ದಾರ್ಯಾಗ ಜಿಲೇಬಿ ತಗೋತೀನಿ."

ಅನುಸೂಯಾ ಏಳಲಿಲ್ಲ. ಬಾಯಿಗಿಳಿದ ರಕ್ತವನ್ನು ಉಗುಳಿದಳು. ಗಂಡನನ್ನು ಎಂದೂ 'ರೀ' ಬಿಟ್ಟು ಮಾತಾಡಿಸದವಳು, "ಆ ಬೆಲ್ಟು ನಿಂದಲ್ಲ ಅಂದಮ್ಯಾಲೆ, ನಿನಗ ಯಾಕ ಅದು ನಿಂದ ಅನ್ನಿಸ್ತೋ?" ಎಂದಳು.

ಅವನು ಮತ್ತೆ ಕೈ ಎತ್ತಿದ. ನಾನು ಮೊಣಕೈಗೆ ಬಾರಿಸಿದೆ. ತಿರುಗಿ ನನ್ನ ಮೇಲೇ ಬಂದ. ಮೊಣಕಾಲಿಗೆ ಮೈಬಲವೆಲ್ಲ ಹಾಕಿ ಕೊಟ್ಟೆ. ಕುರ್ಚಿ ಸಮೇತ ನೆಲಕ್ಕೆ ಉರುಳಿ "ಅಯ್ಯಯ್ಯವ್ವಾ" ಎಂದು ಹೊರಳಾಡಿದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಎದ್ದರೆ ತಲೆಗೇ ಬೀಳುತ್ತದೆ ಎಂದು ಸರಳನ್ನು ಅವನ ಎದೆಗೆ ಊರಿ ನಿಂತೆ.

"ದವಾಖಾನಿಗೆ ನಡಿ ಅನುಸೂ" ಎಂದೆ.

"ತಡೀ ಅಕ್ಕಾ, ಐದಾಗ್ತದ."

ಬಾತ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯ ಒಂದೇ ಬೆರಳಿನಿಂದ ಒತ್ತತೊಡಗಿದಳು. ರಕ್ತಕ್ಕೆ ಬೆರಳು ಜಾರುತ್ತಿತ್ತು; ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಿದ್ದಳು. ಕಡೆಗೆ ಪುಟವನ್ನು ಕಳಿಸಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

"ಏನ್ ಬರದ್ಳು?" ನೆಲದಿಂದಲೇ ಕೇಳಿದ ಅವನು.

ನಾನು ಬಗ್ಗಿ ಪರದೆ ನೋಡಿದೆ.

"'ನಾನು ಮನೆಗೆ ಹೋಗಲಿಲ್ಲ' ಅಂತ ಬರದಾಳ," ಎಂದೆ. "ಇದನ್ನ ಮಾತ್ರ ಆಕೀನ ಬರದಾಳ."