ಟಾರ್ಪಾಲಿನ ನಾಲ್ಕನೆಯ ಮೂಲೆ

"ಬಿಡೇ ಮುಂಡೆ ಅದನ್ನ! ಮೊದಲು ಬಂದು ಬಾನೆಟ್ ಒರೆಸು, ಕಲೆ ಹಿಡಿದುಬಿಡತ್ತೆ!"

ದೆಹಲಿಯ ಸರ್ಕಾರಿ ಅಧಿಕಾರಿ ಚಂದ್ರಮೋಹನ ಈ ಮಾತನ್ನು ಕೂಗಿದಾಗ ಮನೆಗೆಲಸದ ಗಿರಿಜಮ್ಮನ ಗಂಡ ಕೆಂಪಣ್ಣ ಬದುಕಿದ್ದ. ಅವಳ ನೆತ್ತಿಯ ಮೇಲೆ, ನೇರಳೆ ಮರದ ಎತ್ತರದ ಕವಲಿನಲ್ಲಿ ನಿಂತು ರೆಂಬೆ ಅಲುಗಿಸುತ್ತಿದ್ದ.

ಕೆಳಗೆ ನಾಲ್ವರು ನೀಲಿ ಟಾರ್ಪಾಲಿನ ನಾಲ್ಕು ಮೂಲೆಗಳನ್ನು ಹಿಡಿದು ನಿಂತಿದ್ದರು: ಗಿರಿಜಮ್ಮ, ಅವಳ ಮಗಳು ಹರಿಣಿ, ಲೋಧಿ ಕಾಲೋನಿಯ ತಿರುವಿನಲ್ಲಿ ನೇರಳೆಹಣ್ಣಿಗೆ ಕರಿ ಉಪ್ಪು ಹಾಕಿ ಮಾರುವ ರಾಮಲಖನ್, ಅವನ ಹೆಂಡತಿ ಫೂಲ್‌ಮತಿ. ಹಣ್ಣು ನೆಲಕ್ಕೆ ಬಿದ್ದರೆ ಒಡೆಯುತ್ತದೆ, ಟಾರ್ಪಾಲಿಗೆ ಬಿದ್ದರೆ ಉಳಿಯುತ್ತದೆ. ಆದರೆ ಟಾರ್ಪಾಲು ಹಣ್ಣಿಗಾಗಿ ಮಾತ್ರ ಇರಲಿಲ್ಲ. ನೇರಳೆಯ ಕೊಂಬೆ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಆದ್ದರಿಂದ ರಾಮಲಖನ್‌ನ ಕಡೆಯವರಲ್ಲಿ ಒಂದು ಕಟ್ಟಳೆಯಿತ್ತು. ಹತ್ತಿದವನು ಎರಡೂ ಕಾಲು ನೆಲಕ್ಕೆ ಊರಿ, ಕಾಂಡಕ್ಕೆ ಅಂಗೈ ಬಡಿದು, ಇಳಿದೆ ಎಂದು ಕೂಗುವ ತನಕ ಯಾರೂ ಮೂಲೆ ಬಿಡಕೂಡದು. ಮಳೆ ಬರಲಿ, ಜೇನು ಏಳಲಿ, ಬಿಡಕೂಡದು. ಬಿಗಿಯಾಗಿ ಹಿಡಿದ ಟಾರ್ಪಾಲು ಬೀಳುವವನ ಪೆಟ್ಟನ್ನು ನಾಲ್ವರಿಗೆ ಹಂಚುತ್ತದೆ. ನಾಲ್ಕರಲ್ಲಿ ಒಂದು ಮೂಲೆ ಸಡಿಲಿದರೆ ಉಳಿದ ಮೂರು ಲೆಕ್ಕಕ್ಕೆ ಬರುವುದಿಲ್ಲ.

ಆ ಬೆಳಿಗ್ಗೆ ಕೆಂಪಣ್ಣ ಹತ್ತಲು ಒಪ್ಪಿರಲಿಲ್ಲ.

"ಬುದ್ಧಿ, ರಾತ್ರಿಯೆಲ್ಲ ಹುಯ್ದದೆ. ಕೊಂಬೆ ನೆಂದದೆ, ಕಾಲು ನಿಲ್ಲಾಕಿಲ್ಲ. ನಾಳೀಕೆ ಒಣಗ್ಲಿ, ಹತ್ತೀನಿ."

"ನಾಳೆಯಂತೆ ನಾಳೆ. ಇವತ್ತು ಸಂಜೆ ಜಾಯಿಂಟ್ ಸೆಕ್ರೆಟರಿ ಮನೆಗೆ ಬುಟ್ಟಿ ಹೋಗಬೇಕು, ನಿನ್ನ ತಲೆ ಕಳಿಸಲೇನೋ? ಊರಲ್ಲಿ ಕಂಡೋರ ತೆಂಗಿನ ಮರ ಹತ್ತಿಕೊಂಡು ಬಿದ್ದಿದ್ದೆ. ದೆಹಲಿ ತೋರಿಸಿದೆ, ತಲೆ ಮೇಲೆ ಸೂರು ಕೊಟ್ಟೆ. ಈಗ ಬಡ್ಡಿಮಗನಿಗೆ ಕಾಲು ನಿಲ್ಲಲ್ವಂತೆ. ಹತ್ತೋ."

ಸೂರು ಎಂದರೆ ಸರ್ಕಾರಿ ಫ್ಲ್ಯಾಟಿನ ಹಿಂಭಾಗದ ಸರ್ವೆಂಟ್ ಕ್ವಾರ್ಟರ್. ಅದು ಚಂದ್ರಮೋಹನನದಲ್ಲ, ಸರ್ಕಾರದ್ದು. ಆದರೂ ಅದಕ್ಕೆ ಪ್ರತಿಯಾಗಿ ಗಂಡಹೆಂಡಿರಿಬ್ಬರೂ ಸಂಬಳವಿಲ್ಲದೆ ಆ ಮನೆಗೆ ದುಡಿಯುತ್ತಿದ್ದರು. ಕೆಂಪಣ್ಣ ಹತ್ತಿದ.

ರೆಂಬೆಯಿಂದ ಸಿಡಿದ ಒಂದಿಷ್ಟು ಹಣ್ಣು ಚಂದ್ರಮೋಹನನ ಬಿಳಿ ಕಾರಿನ ಮೇಲೆ ಬಿತ್ತು. ಆಗಲೇ ಆ ಕೂಗು ಬಂದದ್ದು. ಆ ಗಂಟಲು ಕೂಗಿದರೆ ಕೈಯಲ್ಲಿದ್ದುದನ್ನು ಇಳಿಸಿ ಓಡುವುದು ಗಿರಿಜಮ್ಮನ ಮೈಗೆ ರೂಢಿಯಾಗಿತ್ತು. ಮನಸ್ಸು ಬೇಡವೆನ್ನುವ ಮೊದಲೇ ಕಾಲು ಹೊರಟಿತ್ತು.

"ಛೋಡ್‌ನಾ ಮತ್, ಭಾಭಿ!" ಬಿಡಬೇಡವೆಂದು ರಾಮಲಖನ್ ಅರಚಿದ.

ಅವಳು ಬಿಟ್ಟಾಗಿತ್ತು. ಸೆರಗಿನಲ್ಲಿ ಬಾನೆಟ್ ಒರೆಸುತ್ತಿದ್ದಾಗ ಬೆನ್ನ ಹಿಂದೆ ಕೊಂಬೆ ಮುರಿದ ಸದ್ದಾಯಿತು. ಅದರ ಹಿಂದೆಯೇ ಇನ್ನೊಂದು ಸದ್ದು.

ಕಾರಿನ ಮೇಲಿನ ಕಲೆ ಹೋಯಿತು. ಸಿಮೆಂಟು ನೆಲದ ಮೇಲಿನದು ಹೋಗಲಿಲ್ಲ. ಅದರಲ್ಲಿ ಹಣ್ಣಿನದೆಷ್ಟು, ಮನುಷ್ಯನದೆಷ್ಟು ಎಂದು ಬೇರ್ಪಡಿಸುವಂತಿರಲಿಲ್ಲ. ಎರಡರ ಬಣ್ಣವೂ ಒಂದೇ ಆಗಿತ್ತು.

ಪೊಲೀಸಿನವನು ಬಂದಾಗ ಚಂದ್ರಮೋಹನ ಅವನನ್ನು ಕಾಂಡದ ಬಳಿಗೆ ಕರೆದೊಯ್ದು, ಸೊಂಟದೆತ್ತರದಲ್ಲಿ ಅಂಗೈಯಗಲ ತೊಗಟೆ ಎದ್ದಿದ್ದ ಜಾಗವನ್ನು ತೋರಿಸಿದ. ಔಷಧದ ಅಂಗಡಿಗೆ ಮಾರಲು ತೊಗಟೆ ಕದಿಯುತ್ತಿದ್ದವನು, ಹೇಳಿದರೂ ಕೇಳದೆ ಹತ್ತಿ ಬಿದ್ದ ಎಂದ. ಪೊಲೀಸಿನವನು ಹಾಗೆಯೇ ಬರೆದುಕೊಂಡ.

ಆ ತೊಗಟೆಯನ್ನು ಎಬ್ಬಿಸಿದವನು ಕೆಂಪಣ್ಣನೇ. ಅದು ಹೋದದ್ದು ಚಂದ್ರಮೋಹನನ ಹೆಂಡತಿ ಶಾರದಮ್ಮನ ಬಾಯಿಗೆ. ಅವಳ ವಸಡಿನಲ್ಲಿ ರಕ್ತ ಒಸರುತ್ತಿತ್ತು. ನೇರಳೆ ತೊಗಟೆಯ ಕಷಾಯದಲ್ಲಿ ದಿನವೂ ಬಾಯಿ ಮುಕ್ಕಳಿಸುತ್ತಿದ್ದಳು. ಚಂದ್ರಮೋಹನನಿಗೆ ಸಕ್ಕರೆ ಕಾಯಿಲೆ. ವೈದ್ಯರ ಮಾತ್ರೆಯ ಜೊತೆಗೆ ನೇರಳೆ ಬೀಜದ ಪುಡಿ ಆಗಲೇಬೇಕು. ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ ಕುಟ್ಟುವವಳು ಗಿರಿಜಮ್ಮ. ಅವಳು ಕುಟ್ಟಿದ ಪುಡಿ ಅವನ ಹೊಟ್ಟೆಗೆ ಸೇರುತ್ತಿತ್ತು. ಅವಳು ಮುಟ್ಟಿದ ಲೋಟ ಮಾತ್ರ ಹಿತ್ತಲ ನಲ್ಲಿಯ ಪಕ್ಕದ ಗೂಡಿನಿಂದ ಒಳಗೆ ಬರುತ್ತಿರಲಿಲ್ಲ.

ಕೆಂಪಣ್ಣ ಸತ್ತ ಮೇಲೂ ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ.

ಮರು ವರ್ಷ ಮತ್ತೆ ಹಣ್ಣು ಬಿತ್ತು. ಹರಿಣಿ ಮುಖರ್ಜಿ ನಗರದ ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದುದರಿಂದ ಹಗಲಿನಲ್ಲಿ ಗಿರಿಜಮ್ಮ ಒಬ್ಬಳೇ. ಮರದ ಕೆಳಗೆ ಗುಡಿಸುವಾಗ ಅವಳು ತಲೆ ಎತ್ತುತ್ತಿರಲಿಲ್ಲ. ಪೊರಕೆ ಹಿಡಿದ ಬಲಗೈ ಒಮ್ಮೊಮ್ಮೆ ತಾನಾಗಿ ಮುಷ್ಟಿ ಕಟ್ಟಿಕೊಂಡು ಎದೆಯ ಮಟ್ಟಕ್ಕೆ ಏರಿ, ಯಾವುದೋ ಭಾರವನ್ನು ಎಳೆದು ಹಿಡಿದಂತೆ ನಿಂತುಬಿಡುತ್ತಿತ್ತು. ಆಗ ಎಡಗೈಯಿಂದ ಅದನ್ನು ಬಿಡಿಸಿ ಇಳಿಸಬೇಕಾಗುತ್ತಿತ್ತು. ಟಾರ್ಪಾಲನ್ನು ಅವಳು ಆ ದಿನದಿಂದ ಮಡಿಸಿರಲಿಲ್ಲ. ಕ್ವಾರ್ಟರಿನ ಮೂಲೆಯಲ್ಲಿ ಮುದುರಿ ಬಿದ್ದಿತ್ತು. ಹತ್ತಿದವನು ಇಳಿದ ಮೇಲಲ್ಲವೆ ಮಡಿಸುವುದು?

ಮೊದಲು ಹೆದರಿದವಳು ಶಾರದಮ್ಮ.

"ಮಧ್ಯಾಹ್ನ ಮಲಗಿದರೆ ಯಾರೋ ಮರಕ್ಕೆ ಅಂಗೈಯಲ್ಲಿ ಹೊಡೆದ ಹಾಗಾಗತ್ತೇ, ಗಿರಿಜಾ. ಒಂದೇ ಏಟು. ಆಮೇಲೆ ಮಾತೇ ಇಲ್ಲ. ನಿನಗೆ ಕೇಳತ್ತಾ?"

"ನಂಗೆ ಕೇಳಾಕಿಲ್ಲ ಅಮ್ಮಾವ್ರೇ. ಕೇಳಿದ್ರೆ ಬದುಕ್ಕೊತಿದ್ದೆ."

ಪೀತಮ್‌ಪುರದಿಂದ ಪುರೋಹಿತರೊಬ್ಬರು ಬಂದರು. ಮರದ ಬುಡಕ್ಕೆ ಅರಿಸಿನ ಹಚ್ಚಿ, ಗಿರಿಜಮ್ಮನನ್ನು ಕಂಡು ಹುಬ್ಬು ಗಂಟಿಕ್ಕಿದರು. "ಆ ಹೆಂಗಸು ಆಚೆ ನಿಲ್ಲಲಿ. ಅವಳ ನೆರಳು ಬೀಳ್ತಾ ಇದೆ." ಅವಳು ಸರಿದು ಬಿಸಿಲಿಗೆ ಹೋದಳು. ನೆರಳು ಅವಳ ಕಾಲಡಿಗೆ ಸೇರಿತು.

"ಜೀವ ಮೇಲೆ ಸಿಕ್ಕಿಕೊಂಡಿದೆ. ಕಾಂಡಕ್ಕೆ ಕಬ್ಬಿಣ ಹೊಡೆದು ಕಟ್ಟು ಹಾಕಬೇಕು," ಎಂದರು ಪುರೋಹಿತರು.

ಗೇಣುದ್ದದ ಮೊಳೆಗಳನ್ನು ತಂದಿದ್ದರು. ಸುತ್ತಿಗೆ ಮೊದಲೇ ಸಿದ್ಧವಿತ್ತು. ತೊಗಟೆ ಎದ್ದ ಗಾಯ ಅಂಚಿನಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. ಸರಿಯಾಗಿ ಅದರ ನಡುವೆಯೇ ಮೊಳೆ ಇಟ್ಟು ಹೊಡೆದರು.

"ಬುದ್ಧಿ, ಮರಕ್ಕೆ ನೋವಾಗಾಕಿಲ್ವಾ?" ಗಿರಿಜಮ್ಮ ಬಿಸಿಲಿನಿಂದಲೇ ಕೇಳಿದಳು.

"ಮುಚ್ಚೇ ಬಾಯಿ. ತೊಗಟೆ ಕಿತ್ತಾಗ ಎಲ್ಲಿ ಹೋಗಿತ್ತು ಈ ಕನಿಕರ?" ಎಂದ ಚಂದ್ರಮೋಹನ.

ಮುಂದಿನ ವಾರ ಅದೇ ಮರದ ಸುತ್ತ ಕಬ್ಬಿಣದ ಸರಪಳಿ ಬಂತು. ಬಡಾವಣೆಯ ನಿವಾಸಿಗಳ ಸಂಘ ಅದನ್ನು ಸಂರಕ್ಷಿತ ಪಾರಂಪರಿಕ ವೃಕ್ಷವೆಂದು ಘೋಷಿಸಲಿತ್ತು. ಸಂಘದ ಅಧ್ಯಕ್ಷ ಚಂದ್ರಮೋಹನ. ಇನ್ನು ಮುಂದೆ ಯಾರೂ ಹತ್ತುವಂತಿಲ್ಲ, ಹಣ್ಣು ಉದುರಿಸುವಂತಿಲ್ಲ. ಸಮಾರಂಭಕ್ಕೆ ಸಚಿವಾಲಯದ ಹಿರಿಯ ಅಧಿಕಾರಿಯೊಬ್ಬರು ಬರುವವರಿದ್ದರು. ಬಂದವರಿಗೆಲ್ಲ ನೇರಳೆ ಶರಬತ್ತು, ಬೀಜದ ಪುಡಿಯ ಪುಟ್ಟ ಪೊಟ್ಟಣ. ಪುಡಿ ಕುಟ್ಟುತ್ತ ಕುಳಿತಿದ್ದವಳ ಮುಂದೆ ಚಂದ್ರಮೋಹನ ಕುರ್ಚಿ ಎಳೆದುಕೊಂಡ. ಅವನು ಅವಳೆದುರು ಕುಳಿತು ಮಾತಾಡಿದ್ದು ಹಿಂದೆಂದೂ ಇರಲಿಲ್ಲ.

"ನೋಡು ಗಿರಿಜಾ, ಕಾಲೋನಿಯಲ್ಲಿ ಕೆಲವರು ಗುಸುಗುಸು ಅಂತಾರೆ. ನೆಂದ ಮರಕ್ಕೆ ನಾನೇ ಹತ್ತಿಸಿದೆ ಅಂತ. ನಾಳೆ ಭಾಷಣದಲ್ಲಿ ಕೆಂಪನ ವಿಷಯ ಎತ್ತುತೀನಿ. ತೊಗಟೆಗೆ ಆಸೆಪಟ್ಟು ಪ್ರಾಣ ಕಳಕೊಂಡ, ಯಾರೂ ಹಾಗೆ ಮಾಡಬೇಡಿ ಅಂತ. ಆಮೇಲೆ ನಿನ್ನ ಕಡೆ ತಿರುಗಿ ಹೌದಲ್ವಾ ಅಂತೀನಿ. ನೀನು ಹೂಂ ಅನ್ನು. ಅಷ್ಟೇ. ಮರದ ಕಾವಲು ಕೆಲಸ ನಿನಗೆ. ಕ್ವಾರ್ಟರ್ ನಿನಗೇ."

"ಅನ್ನದಿದ್ರೆ, ಬುದ್ಧಿ?"

"ಅನ್ನದಿದ್ರೆ ಸಂಜೆಯೊಳಗೆ ಪಾತ್ರೆಪಗಡ ಬೀದಿಯಲ್ಲಿರತ್ತೆ. ಮಗಳನ್ನ ಕರಕೊಂಡು ಯಾವ ಫ್ಲೈಓವರ್ ಕೆಳಗಾದರೂ ಮಲಗು."

ಹರಿಣಿ ಕೆಲಸದಿಂದ ಬಂದಾಗ ತಾಯಿ ಇದನ್ನೆಲ್ಲ ಹೇಳಿದಳು. ಹರಿಣಿ ನಕ್ಕಳು.

"ಚಲೋ, ಒಳ್ಳೇದೇ ಆಯ್ತಲ್ಲವ್ವ. ಅಪ್ಪ ಕಳ್ಳ, ನೀನು ಕಾವಲುಗಾರ್ತಿ. ಒಂದೇ ಮನೇಲಿ ಎರಡೂ. ಹೂಂ ಅಂದ್ಬುಡು. ಆ ಬೋಳಿಮಗ ನಿಂಗೊಂದು ಸೀಟಿನೂ ಕೊಡಿಸ್ತಾನೆ, ಊದ್ಕೊಂಡಿರು."

"ನಗಬ್ಯಾಡ ಕಣೆ. ಸೂರು ಹೋಯ್ತದೆ."

"ಹೋಗ್ಲಿ. ಅಪ್ಪನ ತಲೆ ಮೇಲೂ ಒಂದು ಸೂರಿತ್ತು. ಕೆಳಗೆ ಟಾರ್ಪಾಲಿರ್ಲಿಲ್ಲ."

ಹೇಳಿದ ಮೇಲೆ ಹರಿಣಿಯ ನಗು ನಿಂತಿತು. ಈ ಮಾತು ಇಡೀ ವರ್ಷ ಅವರಿಬ್ಬರ ನಡುವೆ ಬಾಯಿಗೆ ಬಾರದೆ ಉಳಿದಿತ್ತು. ಗಿರಿಜಮ್ಮ ಎದ್ದು ಮುದುರಿ ಬಿದ್ದಿದ್ದ ಟಾರ್ಪಾಲನ್ನು ಎಳೆದಳು. ಅದರ ಮಡಿಕೆಗಳಲ್ಲಿ ಒಣಗಿ ಕಪ್ಪಾದ ಬೀಜಗಳಿದ್ದವು. ಅವನ್ನು ಅವಳು ಕುಟ್ಟುವ ರಾಶಿಗೆ ಸೇರಿಸಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡಳು.

"ರಾಮಲಖನ್ ಭಯ್ಯಾ ಇದ್ದಾನೇನು ನೋಡ್ಕಂಬಾ, ವೋಗು," ಎಂದಳು.

ಸಮಾರಂಭದ ದಿನ ಮೋಡ ಕವಿದಿತ್ತು. ಸರಪಳಿಯ ಪಕ್ಕದಲ್ಲಿ ಶಾಮಿಯಾನ, ಕುರ್ಚಿಗಳು, ಪರದೆ ಹೊದ್ದ ಫಲಕ. ಮೊಳೆಗಳಿದ್ದ ಜಾಗವನ್ನು ಚೆಂಡುಹೂವಿನ ಹಾರದಿಂದ ಮುಚ್ಚಿದ್ದರು. ಚಂದ್ರಮೋಹನ ಹಿಂದಿಯಲ್ಲಿ ಆರಂಭಿಸಿ ಇಂಗ್ಲಿಷಿನಲ್ಲಿ ಮುಂದುವರಿದ. ಈ ವೃಕ್ಷದ ಬೀಜ ಸಕ್ಕರೆ ಕಾಯಿಲೆಗೆ, ತೊಗಟೆ ವಸಡಿಗೆ, ಹಣ್ಣು ಹೊಟ್ಟೆಗೆ ಎಂದ. ಮರವೊಂದನ್ನು ಉಳಿಸುವುದೆಂದರೆ ಜೀವವೊಂದನ್ನು ಉಳಿಸಿದಂತೆ ಎಂದ. ಚಪ್ಪಾಳೆಯಾಯಿತು. ಬಳಿಕ ದನಿ ತಗ್ಗಿಸಿ, ನನ್ನ ಮನೆಯ ಆಳೇ ದುರಾಸೆಯಿಂದ ಈ ತೊಗಟೆಗೆ ಕೈ ಹಾಕಿ ಪ್ರಾಣ ಕಳೆದುಕೊಂಡ, ಇಂದು ಅವನ ಹೆಂಡತಿಯೇ ಈ ಮರವನ್ನು ಕಾಯಲು ಮುಂದೆ ಬಂದಿದ್ದಾಳೆ ಎಂದ.

"ಹೌದಲ್ವಾ, ಗಿರಿಜಾ?"

ಶರಬತ್ತಿನ ತಟ್ಟೆ ಮೇಜಿನ ಮೇಲೆ ಇತ್ತು. ಅವಳು ಅಲ್ಲಿರಲಿಲ್ಲ.

ನಾಲ್ವರು ಸರಪಳಿ ದಾಟಿ ಮರದ ಕೆಳಗೆ ಬಂದಿದ್ದರು. ಮಾತಿಲ್ಲದೆ ಟಾರ್ಪಾಲು ಬಿಡಿಸಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಎಳೆದು ನಿಂತರು. ಗಿರಿಜಮ್ಮನದು ಕಾರಿನ ಕಡೆಯ ಮೂಲೆ. ಅಂದು ಹಿಡಿದಿದ್ದೂ ಅದೇ.

ಚಂದ್ರಮೋಹನ ಅತಿಥಿಗಳತ್ತ ಮುಗುಳ್ನಗುತ್ತಲೇ ಹತ್ತಿರ ಬಂದ. ಬೈಯುವಾಗ ಅವನದು ಕನ್ನಡ, ಮುಖದಲ್ಲಿ ನಗು. ನೋಡಿದವರು ಮನೆಕೆಲಸದವಳ ಕ್ಷೇಮ ವಿಚಾರಿಸುತ್ತಿದ್ದಾನೆ ಎಂದುಕೊಳ್ಳಬೇಕು.

"ಏನೇ ಇದು ನಾಟಕ? ಮೇಲೆ ನಿಮ್ಮಪ್ಪ ಇದ್ದಾನೇನೆ? ಬಿಟ್ಟು ನಡಿ."

ಗಿರಿಜಮ್ಮ ಉತ್ತರವನ್ನು ಹಿಂದಿಯಲ್ಲಿ ಕೊಟ್ಟಳು. ಅವಳ ಹಿಂದಿ ತರಕಾರಿ ಗಾಡಿಯವರಿಂದ ಕಲಿತದ್ದು, ಒರಟು. ಆದರೆ ಕೊನೆಯ ಸಾಲಿನ ಕುರ್ಚಿಯವರೆಗೂ ಎಲ್ಲರಿಗೂ ತಿಳಿಯಿತು.

"ಮೇಲೆ ನನ್ನ ಗಂಡ ಇದ್ದಾನೆ. ಕೊಂಬೆ ನೆಂದಿದೆ, ಬೇಡ ಅಂದ, ಈ ಸಾಹೇಬರು ಹತ್ತಿಸಿದರು. ತೊಗಟೆ ಮೇಮ್‌ಸಾಹೇಬರ ಬಾಯಿಗೆ ಹೋಯಿತು, ಹಣ್ಣು ದೊಡ್ಡ ಸಾಹೇಬರ ಮನೆಗೆ ಹೊರಟಿತ್ತು. ಕಾರು ಒರೆಸು ಅಂತ ಇವರು ಕೂಗಿದರು. ನಾನು ಈ ಮೂಲೆ ಬಿಟ್ಟೆ. ಅವನು ಇನ್ನೂ ಇಳಿದಿಲ್ಲ."

ಹಿರಿಯ ಅಧಿಕಾರಿ ಶರಬತ್ತಿನ ಲೋಟವನ್ನು ಕೆಳಗಿಟ್ಟು ಮರದತ್ತ ತಲೆ ಎತ್ತಿದ. ಒಬ್ಬರ ನಂತರ ಒಬ್ಬರು ಎಲ್ಲರೂ ತಲೆ ಎತ್ತಿದರು. ಎಲೆಗಳ ನಡುವೆ, ಕೊಂಬೆ ಮುರಿದ ಕಡೆ ಆಕಾಶದ ಒಂದು ತುಂಡು ಕಾಣುತ್ತಿತ್ತು. ಶಾರದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಮನೆಯೊಳಕ್ಕೆ ಹೋದಳು.

"ಬಿಡೇ ಮುಂಡೆ!" ಚಂದ್ರಮೋಹನನ ಮುಖದಲ್ಲಿ ಈಗ ನಗುವಿರಲಿಲ್ಲ.

"ಅವತ್ತು ಅಂಗಂದಾಗ ನಾನು ಮುಂಡೆ ಆಗಿರ್ಲಿಲ್ಲ ಬುದ್ಧಿ." ಈ ಮಾತನ್ನು ಅವಳು ಕನ್ನಡದಲ್ಲಿ, ಅವನಿಗೆ ಮಾತ್ರ ಹೇಳಿದಳು. "ಇವತ್ತು ಬುಡಾಕಿಲ್ಲ."

ಅವನು ಅವಳ ಮಣಿಕಟ್ಟು ಹಿಡಿದು ಜಗ್ಗಿದ. ಇಷ್ಟು ವರ್ಷ ಕೊಡುವುದನ್ನು ಅವಳ ಕೈಗೆ ಮೇಲಿನಿಂದ ಬಿಟ್ಟದ್ದಲ್ಲದೆ, ಆ ಕೈಯನ್ನು ಅವನು ಮುಟ್ಟಿದ್ದು ಅದೇ ಮೊದಲು. ಬೆರಳುಗಳು ಸಡಿಲಲಿಲ್ಲ. ಹರಿಣಿ ತನ್ನ ಮೂಲೆಯನ್ನು ಇನ್ನಷ್ಟು ಎಳೆದಳು. ರಾಮಲಖನ್ ಹಿಮ್ಮಡಿ ಊರಿದ. ಅವನು ಜಗ್ಗಿದ್ದು ಒಬ್ಬಳನ್ನು, ಎದುರಿಗೆ ಎಳೆದವರು ನಾಲ್ವರು. ಅವನೇ ಮುಗ್ಗರಿಸಿದ.

ಮಳೆ ಬಂತು. ಕುರ್ಚಿಗಳು ಬರಿದಾದವು. ಅತಿಥಿಗಳು ಕಾರು ಸೇರಿದರು. ಫಲಕದ ಪರದೆ ತೊಯ್ದು ಅಂಟಿಕೊಂಡು ಒಳಗಿನ ಅಕ್ಷರಗಳ ಉಬ್ಬು ಕಾಣತೊಡಗಿತು. ಚಂದ್ರಮೋಹನ ಕ್ವಾರ್ಟರಿನ ಬಾಗಿಲಿಗೆ ಆಳುಗಳನ್ನು ಕಳಿಸಿದ. ಪಾತ್ರೆಗಳು ಒಂದೊಂದಾಗಿ ರಸ್ತೆಗೆ ಬೀಳುವ ಸದ್ದು ಅವರಿಗೆ ಕೇಳುತ್ತಿತ್ತು. ಒರಳು ಬಿದ್ದ ಸದ್ದೂ ಕೇಳಿತು. ಯಾರೂ ತಿರುಗಿ ನೋಡಲಿಲ್ಲ.

ಮಳೆಗೆ ಹಣ್ಣು ಉದುರತೊಡಗಿತು. ಟಾರ್ಪಾಲಿನ ನಡುವೆ ನೀರು ನಿಂತು, ಹಣ್ಣು ಒಡೆದು, ನೇರಳೆ ಬಣ್ಣಕ್ಕೆ ತಿರುಗಿತು. ನೀರು ಹೆಚ್ಚಿದಂತೆ ನಡುಭಾಗ ಜೋತುಬಿದ್ದು ನೆಲದ ಹಳೆಯ ಕಲೆಯ ಕಡೆಗೆ ಇಳಿಯಿತು. ನಾಲ್ವರೂ ಕೈ ಬಿಗಿದು ಅದನ್ನು ಮತ್ತೆ ಎತ್ತಿದರು.

"ಭಾರಿ ಹೈ," ಎಂದಳು ಫೂಲ್‌ಮತಿ.

"ಹೂಂ," ಎಂದಳು ಗಿರಿಜಮ್ಮ. "ಒಬ್ಬ ಆಳಿನಷ್ಟದೆ."

ಕಾಂಡದ ಕಡೆಯಿಂದ ಯಾವ ಸದ್ದೂ ಬರಲಿಲ್ಲ. ಯಾರೂ ಮೂಲೆ ಬಿಡಲಿಲ್ಲ.