ಟೀ ರೂಮಿನ ಪೂಲ್

“ಹಾಕ್ತಾಳ ಬಿಡ್ರಿ ತನಿಯಪ್ಪಣ್ಣ, ನೀವ್ಯಾಕ ಇಷ್ಟ ಚಿಂತಿ ಮಾಡ್ತೀರಿ?” ಎಂದ ವೀರೇಂದ್ರ.

ಆಸ್ಟ್ರೇಲಿಯಾದ ಡ್ಯಾಂಡಿನಾಂಗ್‌ನ ಗೋದಾಮಿನ ಟೀ ರೂಮಿನಲ್ಲಿ ಭಾನುವಾರದ ಶಿಫ್ಟಿನ ಹನ್ನೊಂದು ಮಂದಿ ಕೆಲಸ ಬಿಟ್ಟು ಟೀವಿಯ ಮುಂದೆ ನಿಂತಿದ್ದರು. ಅಮೆರಿಕದ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಟೂರ್ನಿ. ಆಟಕ್ಕೆ ಉಳಿದದ್ದು ಆರು ಸೆಕೆಂಡು, ತಂಡ ಒಂದು ಪಾಯಿಂಟ್ ಹಿಂದೆ. ತಲಾ ಒಂದು ಪಾಯಿಂಟಿನ ಎರಡು ಫ್ರೀ ಥ್ರೋ ಎಸೆಯಲು ನಿಂತವಳು ತನಿಯಪ್ಪನವರ ಮಗಳು ನವ್ಯಾ.

ಅವಳು ಸ್ಕಾಲರ್‌ಶಿಪ್ ಮೇಲೆ ಅಲ್ಲಿಗೆ ಹೋಗಿ ಮೂರು ವರ್ಷ. ತನಿಯಪ್ಪ ಈವರೆಗೆ ಬಾಸ್ಕೆಟ್‌ಬಾಲ್ ನೋಡಿದವರಲ್ಲ, ಮಗಳನ್ನು ನೋಡಿದವರು. ಸ್ಕೋರು ಕೇಳಿದರೆ “ಅವಳು ಬೀಳ್ಲಿಲ್ಲ ಮಾರಾಯ” ಎನ್ನುತ್ತಿದ್ದರು. ಈ ಸಲ ಅವಳ ತಂಡ ಟೂರ್ನಿಗೆ ಬಂದ ಖುಷಿಗೆ ಸೂಪರ್‌ವೈಸರ್ ವೀರೇಂದ್ರ ಪೂಲ್ ಎಂಬ ಊಹೆಯ ಪಂದ್ಯ ಶುರು ಮಾಡಿದ. ಯಾವ ಮ್ಯಾಚು ಯಾರಿಗೆಂದು ಎಲ್ಲರೂ ಮೊದಲೇ ಆ್ಯಪ್‌ನಲ್ಲಿ ಗುರುತು ಹಾಕಬೇಕು. ಯಾರು ಯಾರಿಗೆ ಹಾಕಿದರೆಂದು ಅದು ಹೇಳುವುದಿಲ್ಲ, ಸರಿ ಬಂದಷ್ಟು ಅಂಕ ಕೊಡುತ್ತದೆ. ಅದನ್ನು ವೀರೇಂದ್ರ ಬೋರ್ಡಿಗೆ ಏರಿಸುತ್ತಾನೆ.

ನಿನ್ನೆ ತನಿಯಪ್ಪನವರಿಗೆ ಹದಿನಾರರಲ್ಲಿ ಹದಿನಾಲ್ಕು ಬಂತು. ಹೆಸರೇ ಕೇಳಿರದ ಊರುಗಳ ಕಾಲೇಜುಗಳಿಗಾಗಿ ಅವರು ಊಟ ಬಿಟ್ಟು ಕೂತಿದ್ದರು. ಹದಿನಾಲ್ಕು ವರ್ಷ ‘ಟೋನಿ’ ಎಂದು ಕರೆದ ಗೋದಾಮು ಇವತ್ತು ಬೋರ್ಡಿನ ನೆತ್ತಿಯಲ್ಲಿ ಅವರ ಹೆಸರನ್ನು ಪೂರ್ತಿಯಾಗಿ ಬರೆದಿತ್ತು.

ಉಳಿದವರೆಲ್ಲ ಪ್ರೀತಿಯಿಂದ ನವ್ಯಾಳ ತಂಡಕ್ಕೆ ಹಾಕಿದ್ದರು. ಸೋಲುತ್ತದೆಂದು ಹಾಕಿದವರು ಅಪ್ಪ ಒಬ್ಬರೇ. ಅವಳ ಎಡ ಮೊಣಕಾಲು ಊದಿದ್ದು ಕೋಚಿಗೂ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ನಿನ್ನೆ ಫೋನಿನಲ್ಲಿ, “ಜೋಪಾನ ಮಗಾ, ಆ ಕಾಲು ಬಗ್ಗಿಸ್ಲಿಕ್ಕೆ ಹೋಗ್ಬೇಡ” ಎಂದಿದ್ದರು. ಯಾವ ಅಪ್ಪನೂ ಹೇಳುವ ಮಾತೇ. ಫೋನಿಟ್ಟ ಮೇಲೆ ಆ್ಯಪ್ ತೆರೆದು ತಮ್ಮ ಸ್ಥಾನ ನೋಡಿಕೊಂಡಿದ್ದರು.

ಮೊದಲ ಚೆಂಡು ರಿಂಗಿಗೆ ಮುಟ್ಟುವ ಮೊದಲೇ ಇಳಿಯಿತು.

“ಕಾಲ ಬಗ್ಗಸವಲ್ಲಳಲ್ರೀ,” ಎಂದ ವೀರೇಂದ್ರ.

ನವ್ಯಾ ಮತ್ತೆ ಚೆಂಡು ಎತ್ತಿದಳು. ತನಿಯಪ್ಪನವರೊಳಗೆ ಯಾರೋ ‘ತಪ್ಪಲಿ’ ಎಂದರು. ಯಾರೆಂದು ತಿರುಗಿ ನೋಡುವ ಅಗತ್ಯವಿರಲಿಲ್ಲ.

ತಪ್ಪಿತು.

ಉಳಿದ ಸೆಕೆಂಡುಗಳೂ ಮುಗಿದು ತಂಡ ಸೋತಿತು. ಒಬ್ಬೊಬ್ಬರಾಗಿ ಅವರ ಬೆನ್ನು ತಟ್ಟಿ ಕೆಲಸಕ್ಕೆ ಹೋದರು. ವೀರೇಂದ್ರ ಫೋನು ಹಿಡಿದು ಬೋರ್ಡಿನ ಮುಂದೆ ನಿಂತ. ಹತ್ತು ಹೆಸರುಗಳ ಅಂಕ ಇದ್ದಲ್ಲೇ ಇತ್ತು. ಅವನು ಇನ್ನೊಮ್ಮೆ ಪರದೆ ನೋಡಿದ, ಆಮೇಲೆ ತನಿಯಪ್ಪನವರನ್ನು.

“ಅಣ್ಣಾರ, ನೀವು...” ಎಂದು ಅಲ್ಲಿಗೇ ಬಿಟ್ಟ.

ಅಷ್ಟರಲ್ಲಿ ನವ್ಯಾಳ ಫೋನು ಬಂತು. ಅತ್ತು ಮುಗಿಸಿದ ದನಿಯಲ್ಲಿ, ಎಂದಿನಂತೆ ಇಂಗ್ಲಿಷಿನಲ್ಲೇ ಹೇಳಿದಳು: “ನಾನು ಕಾಲು ಬಗ್ಗಿಸಲಿಲ್ಲ ಪಪ್ಪಾ. ನೀವು ಹೇಳಿದ್ದಿರಲ್ಲ.”

“ಹೂಂ.”

“ಅಲ್ಲಿ ಪೂಲ್‌ನಲ್ಲಿ ಎಲ್ಲರೂ ನನಗೇ ಹಾಕಿದ್ರಾ?”

“ಎಲ್ಲರೂ ಮಗಾ.”

ವೀರೇಂದ್ರ ಹದಿನಾಲ್ಕನ್ನು ಒರೆಸಿ ಹದಿನೈದು ಬರೆದ. ಮಾರ್ಕರಿಗೆ ಮುಚ್ಚಳ ಹಾಕಿದ. ಅಪ್ಪ-ಮಗಳು ಮಾತಾಡಲಿ ಎಂದು ಟೀವಿಯ ಸದ್ದು ತಗ್ಗಿಸಿ, ಬಾಗಿಲು ಎಳೆದುಕೊಂಡು ಹೋದ.