ಭಾರದ ಬ್ಯಾಟು

ರೂಪಶ್ರೀಗೆ ವೇಗ ಇರಲಿಲ್ಲ. ಬಲಕ್ಕೇನೂ ಕೊರತೆಯಿಲ್ಲ, ಐವತ್ತು ಕೆಜಿಯ ಆಲೂಗಡ್ಡೆ ಮೂಟೆಯನ್ನು ಒಬ್ಬಳೇ ಟ್ರ್ಯಾಕ್ಟರಿಗೆ ಎತ್ತಿ ಹಾಕುವವಳು. ಆದರೆ ಬೇಸ್‌ಬಾಲ್ ಬ್ಯಾಟು ಅವಳ ಕೈಯಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಅದು ಅವಳಿಗೆ ಗೊತ್ತಾಗದಂತೆ ಮಾಡಿದ್ದು ಆಲೂಗಡ್ಡೆಯೇ.

ಸಾಲಗಾಮೆಯ ಅವರ ಹೊಲದಲ್ಲಿ ಬೆಳೆ ಕಿತ್ತ ಮೇಲೆ, ಮಾರಾಟಕ್ಕೆ ಬಾರದ ಕೊಳೆತ ಗಡ್ಡೆಗಳು ಬದುವಿನ ಮೇಲೆ ರಾಶಿ ಬಿದ್ದಿದ್ದವು. ಅಣ್ಣ ದೇವರಾಜ್ ಅವನ್ನು ಒಂದೊಂದಾಗಿ ಎಸೆದ, ಇವಳು ಹೊಡೆದಳು. ಅವನು ಸುತ್ತಲಿನ ಊರುಗಳ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಸಿಕ್ಸರಿಗೆ ಹೆಸರಾದವನು. ತಂಗಿಗೆಂದು ಜಾಲಿ ಮರದಲ್ಲಿ ಎರಡು ಕೆಜಿಯ ದೊಣ್ಣೆ ಮಾಡಿಸಿದ್ದ. ತಾಗಿದ ಗಡ್ಡೆಯೆಲ್ಲ ಚೂರಾಗಿ ಸಿಡಿಯುತ್ತಿತ್ತು. ಇಬ್ಬರೂ ಅದನ್ನೇ ಬಲ ಅಂದುಕೊಂಡರು. ಕೊಳೆತದ್ದು ಮೆಲ್ಲಗೆ ಹೊಡೆದರೂ ಸಿಡಿಯುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹಾಸನದ ಮೈದಾನದಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆ. ಹದಿನೈದು ಹುಡುಗಿಯರ ಹೆಸರು ಆಗಲೇ ಬರೆದಾಗಿತ್ತು. ಉಳಿದದ್ದು ಒಂದೇ ಜಾಗ; ಅದಕ್ಕೆ ರೂಪಶ್ರೀ ಮತ್ತು ಹಾಸ್ಟೆಲಿನಲ್ಲಿ ಅವಳ ರೂಮಿನಲ್ಲೇ ಇರುವ ಸ್ಪಂದನಾ. ರೂಪಶ್ರೀಗೆ ಇದು ಡಿಗ್ರಿಯ ಕೊನೆಯ ವರ್ಷ, ಇನ್ನೊಂದು ಸಲ ಎಂಬುದಿಲ್ಲ. ಹುಡುಗರ ತಂಡದ ಸಂಜಯ್ ಎಸೆಯುವ ಹತ್ತು ಚೆಂಡುಗಳಲ್ಲಿ ಯಾರು ಹೆಚ್ಚು ಚೆಂಡನ್ನು ಅರವತ್ತು ಮೀಟರಿನ ಸುಣ್ಣದ ಗೆರೆ ದಾಟಿಸುತ್ತಾರೋ ಅವರಿಗೆ ಜಾಗ.

ಸ್ಪಂದನಾ ಮೊದಲು ಹೊಡೆದಳು. ಕಡ್ಡಿಯಂಥ ಹುಡುಗಿ, ಹಗುರ ಬ್ಯಾಟು. ನಾಲ್ಕು ದಾಟಿದವು.

ರೂಪಶ್ರೀ ತಂಡದ ಬ್ಯಾಟುಗಳ ಚೀಲದಿಂದ ಎಲ್ಲಕ್ಕಿಂತ ಭಾರದ ಬ್ಯಾಟನ್ನು ಎಳೆದಳು. ತರಬೇತುದಾರ ಚನ್ನಬಸವಯ್ಯ ಅದನ್ನು ನೋಡಿದರು.

"ಅದನ್ನ ಇಡಮ್ಮ. ನೀನು ಸೌದೆ ಸೀಳಕ್ಕೆ ಬಂದಿಲ್ಲ. ತೂಕ ಎರಡು ಪಟ್ಟಾದ್ರೆ ಬಲ ಎರಡು ಪಟ್ಟು. ವೇಗ ಎರಡು ಪಟ್ಟಾದ್ರೆ ಬಲ ನಾಕು ಪಟ್ಟು. ಹಗುರದ್ದು ತಗೋ."

ಬೇಲಿಯಾಚೆಯಿಂದ ದೇವರಾಜ್ ಕೂಗಿದ. "ಅಗುರದ್ದು ಇಡ್ಕಂಡು ನೊಣ ಓಡುಸ್ತೀಯೇನೇ? ತೂಕ ಇದ್ರೆ ತಾನೇ ಚೆಂಡು ಓಗೋದು."

"ಅಣ್ಣ ಹೇಳ್ದಂಗೆ ಹೊಡೀತೀನಿ ಸಾ," ಅಂದಳು ರೂಪಶ್ರೀ.

"ಹಂಗಾದ್ರೆ ನಿಮ್ಮಣ್ಣನ್ನೇ ತಂಡಕ್ಕೆ ಬರ್ಕೊಳ್ತೀನಿ. ಸೀರೆ ಉಡ್ಸಿ ಕಳ್ಸು."

ಬೆಂಚಿನ ಮೇಲಿದ್ದವರು ನಕ್ಕರು. ಅವಳು ನಗಲಿಲ್ಲ, ಬ್ಯಾಟನ್ನೂ ಬದಲಿಸಲಿಲ್ಲ.

ಮೊದಲ ಚೆಂಡು ಬ್ಯಾಟು ಬರುವ ಮೊದಲೇ ಹಿಂದಕ್ಕೆ ಹೋಗಿತ್ತು. ಎರಡನೆಯದೂ ಅಷ್ಟೆ. ಮೂರನೆಯದು ಅಂಚಿಗೆ ಸವರಿ ಪಕ್ಕದ ಬೇಲಿಗೆ ಹೋಯಿತು. ನಾಲ್ಕನೆಯದು ನಡುಬ್ಯಾಟಿಗೆ ಸಿಕ್ಕಿ ಗೆರೆ ದಾಟಿತು. ದೇವರಾಜ್ ಶಿಳ್ಳೆ ಹಾಕಿದ. ಆ ಒಂದರ ಆಸೆಗೆ ಅವಳು ಇನ್ನೆರಡು ಚೆಂಡು ಅದೇ ಬ್ಯಾಟಿನಲ್ಲಿ ಆಡಿದಳು. ಎರಡೂ ತಡವಾದವು.

ಉಳಿದದ್ದು ನಾಲ್ಕು. ನಾಲ್ಕೂ ದಾಟಿದರೆ ಮಾತ್ರ ಗೆಲುವು. ಅವಳು ಬ್ಯಾಟನ್ನು ನೆಲಕ್ಕೆ ಹಾಕಿ ಸ್ಪಂದನಾಳ ಕಡೆ ಕೈ ಚಾಚಿದಳು.

"ನಿಂದು ಕೊಡೇ."

ಸ್ಪಂದನಾ ತನ್ನ ಬ್ಯಾಟನ್ನೊಮ್ಮೆ ನೋಡಿಕೊಂಡಳು. ಆಮೇಲೆ ಕೊಟ್ಟಳು. "ಗಟ್ಟಿಯಾಗಿ ಹಿಡೀಬ್ಯಾಡ ಕಣೇ. ಕೈ ಸಡಿಲ ಬಿಡು."

ಏಳನೆಯದು ಸಲೀಸಾಗಿ ದಾಟಿತು. ಬ್ಯಾಟು ತಿರುಗಿದ್ದೇ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಎಂಟನೆಯದೂ ದಾಟಿತು. ಚನ್ನಬಸವಯ್ಯ ಕುರ್ಚಿಯಿಂದ ಎದ್ದು ನಿಂತರು.

ಒಂಬತ್ತನೆಯದಕ್ಕೆ ಸಂಜಯ್ ಕೈ ಎತ್ತಿದ. ರೂಪಶ್ರೀಗೆ ಚೆಂಡಿಗಿಂತ ಮೊದಲು ಗೆರೆ ಕಂಡಿತು. ದೂರ ಹೋಗಲಿ ಎಂದು ಹಲ್ಲು ಕಚ್ಚಿ ಹಿಡಿಕೆಯನ್ನು ಬಿಗಿಹಿಡಿದಳು. ತೋಳು ಕಲ್ಲಾಯಿತು, ಬ್ಯಾಟು ನಿಧಾನವಾಯಿತು. ಚೆಂಡು ಮೇಲಕ್ಕೆದ್ದು, ಗೆರೆಗೆ ಮೂರು ಹೆಜ್ಜೆ ಇರುವಾಗ ನೆಲಕ್ಕೆ ಬಿತ್ತು.

"ಇನ್ನೊಂದೈತೆ, ಆಡು," ಅಂದರು ಚನ್ನಬಸವಯ್ಯ.

ಅದು ಅಂಚಿಗೆ ಸವರಿ ಪಕ್ಕದ ಬೇಲಿಗೆ ಹೋಯಿತು.

ಅವರು ಪಟ್ಟಿಯಲ್ಲಿ ಹದಿನಾರನೆಯ ಹೆಸರು ಬರೆದು ಪೆನ್ನನ್ನು ಜೇಬಿಗಿಟ್ಟರು. ರೂಪಶ್ರೀ ಕಳೆದುಕೊಂಡದ್ದು ಭಾರದ ಬ್ಯಾಟಿನಲ್ಲಿ ಐದು ಚೆಂಡು, ಹಗುರದ್ದರಲ್ಲಿ ಎರಡು, ತಂಡದಲ್ಲಿ ಒಂದು ಜಾಗ.